ಜೋಡಿನಳಿಗಿ

ನಿಮ್ಮ ಬಂದೂಕು ಮಾರಿ ಬಂದ್ನಿ.

ಎಂಟು ತಿಂಗಳ ಕ್ಯಾಂಪಿನ ಕೇಕಿ ಶೇಟನ ಅಂಗಡ್ಯಾಗ
ಕಬ್ಬಿಣದ ಕಪಾಟಿನೊಳಗ ನಿಂತಿತ್ತು,
ನಿಂತಲ್ಲೇ ಬಾಡಿಗಿ ತಿಂತಿತ್ತು.
ತಿನ್ನೂದು ಅದಕ್ಕ ಹೊಸಾದಲ್ಲ ಬಿಡ್ರಿ.
ನಾವು ಪುಣೇಕ್ಕ ಬಂದ ವರ್ಷ
ನನ್ನ ಕೊಳ್ಳಾಗಿನ ಬೋರಮಾಳ ಅದಕ್ಕ ಹೋತು.
"ಸ್ವಂತ ಬಂದೂಕು ಇದ್ದಾಂವಗ ಪಗಾರ ಜಾಸ್ತಿ" ಅಂದಿದ್ರಿ.
ಖರೇನ ಆತು.
ದತ್ತವಾಡಿ ಖೋಲಿ, ನೀಲಿ ಸಾಲಿ, ನಿಮ್ಮ ಅವ್ವನ ಕಣ್ಣಿನ ಆಪರೇಶನ್ನು,
ಎಲ್ಲಾ ಆ ಕಬ್ಬಿಣದ ಎಮ್ಮಿ ಹಿಂಡಿದ ಹಾಲು.

ಇಲೆಕ್ಷನ್ ಬಂದಾಗ ಠಾಣೇದಾಗ ಜಮಾ ಮಾಡಿ
ಪಾವತಿ ಕಿಸೇದಾಗ ಇಟಗೊಂಡು
ಬರಿಗೈಲೆ ಮನಿಗೆ ಬರತಿದ್ರಿ.
ಕೈ ಎಲ್ಲಿ ಇಡಬೇಕಂತ ತಿಳೀದ
ನನ್ನ ಬಾಜೂಕ ಕುಂತು ಮೆಂತೆ ಸೋಸತಿದ್ರಿ.
ಪಗಾರ ಇರತಿರಲಿಲ್ಲ. ಆದ್ರೂ ನನಗ
ಇಲೆಕ್ಷನ್ ಅಂದ್ರ ಭಾಳ ಸೇರತಿತ್ತು.

ಮೊದಲ ಒಬ್ಬ ಬಿಲ್ಡರ್ ಬಂದಿದ್ದ.
ಬಂಗಲೇದ ಗ್ವಾಡಿಗೆ ತೂಗ ಹಾಕಾಕ ಬೇಕಂತ,
ಐದು ಸಾವಿರ ಮ್ಯಾಲ ಕೊಡತೀನಂದ.
ಹಾಲು ಕೊಟ್ಟ ಎಮ್ಮೀನ ಗ್ವಾಡಿಗೆ ತೂಗ ಹಾಕ್ತಾರೇನ್ರಿ?
ಒಲ್ಲೆ ಅಂದ್ನಿ.

ತಗೊಂಡಾಂವ ಮ್ಹಸವಡದ ಕಡೀಯಾಂವ, ಧೊಂಡಿರಾಮ ಖರಾತ.
ಮಿಲಿಟರಿ ಬಿಟ್ಟು ಎರಡು ವರ್ಷ, ಮೀಸಿ ಇನ್ನೂ ಕರ್ರಗ.
ಲೈಸನ್ಸು ಹಾಲಿನ ಚೀಲದಾಗ ಸುತ್ತಿ ತಂದಿದ್ದ.
ನಳಿಗಿ ಬಗ್ಗಿಸಿ, ಟ್ಯೂಬಲೈಟಿಗೆ ಹಿಡಿದು,
ಒಂದು ಕಣ್ಣು ಮುಚ್ಚಿ ನೋಡಿದ.
"ಬಘಾ ಮಾವಶಿ" ಅಂತ ನನಗೂ ತೋರಿಸಿದ.
ಇಪ್ಪತ್ತೆರಡು ವರ್ಷ ಒರಸಿದ ನೀವು ಒಂದಿನಾ ತೋರಿಸಿರಲಿಲ್ಲ.
ಒಳಗ ಬೆಳಕು,
ಬಳಿಯೊಳಗ ಬಳಿ, ಬಳಿಯೊಳಗ ಬಳಿ,
ಬಳಿಗಾರನ ಮಲಾರ ಮುಗಿಯೂದ ಇಲ್ಲ ಅಂಬುವಂಗ.

"ಎಷ್ಟು ಸರ್ತಿ ಹಾರಿಸ್ಯಾರ?" ಅಂತ ಕೇಳಿದ.
ಬ್ಯಾಂಕಿನ ಬಾಗಲದಾಗ ಒಮ್ಮಿನೂ ಇಲ್ಲ ಅಂದ್ನಿ.
ಹಂಗಾದ್ರ ಹೊಸಾದ ಅಂದ.
ಶೇಟ ಬ್ಯಾರೇನ ಅಂದ: ಕಟಿಗಿ ಮ್ಯಾಲ, ಇಲ್ಲಿ, ಪಾಲೀಶ ಹೋಗೇತಿ.
ನಿಮ್ಮ ಅಂಗೈ ಕೂಡೋ ಜಾಗಾ ಅದು.
ಅದಕ್ಕ ಎರಡು ಸಾವಿರ ಕಡಿಮಿ ಮಾಡಿದ್ರು.
ನಾ ಚೌಕಾಶಿ ಮಾಡ್ಲಿಲ್ಲ. ಏನಂತ ಮಾಡ್ಲಿ?

ಕಡೀಕ ಕಾಡತೂಸು ಎಣಿಸಿದ್ರು.
ಪುಸ್ತಕದಾಗ ಹತ್ತು, ಡಬ್ಬ್ಯಾಗ ಒಂಬತ್ತು.
ಗುಮಾಸ್ತ ಪೆನ್ನು ಎತ್ತಿ ಹಿಡಿದು ನನ್ನ ಮಾರಿ ನೋಡಿದ.
ಖಂಡೇನವಮಿ ಪೂಜಾ ಮಾಡಿ ಒಂದು ಹಾರಿಸಿದ್ರು ಅಂದ್ನಿ.
ಬರಕೊಂಡ.

ನೀಲಿ ಹುಟ್ಟಿದ ವರ್ಷ,
ಪಗಾರ ಮೂರು ತಿಂಗಳ ನಿಂತಾಗ,
ಬಾಗಲಾ ಹಾಕಿ, ಸ್ಟೋವ್ ಆರಿಸಿ,
ಒಂದನ್ನ ಬ್ಲೇಡಿಲೆ ಕೊಯ್ದು, ಮದ್ದು ಮೋರಿಗೆ ಸುರುವಿ,
ಛರ್ರಾ ಅಷ್ಟೂ ಜರ್ದಾ ಡಬ್ಬ್ಯಾಗ ತುಂಬಿ, ಬೆಸಿಗಿ ಹಚ್ಚಿ
ಗಿಲಕಿ ಮಾಡಿ ಕೊಟ್ಟಿದ್ರಿ.
ನಮ್ಮ ಮನ್ಯಾಗ ಆ ಬಂದೂಕಿನ ದನಿ ಅಂದ್ರ ಅದೊಂದ.
ಯಾವ ಕಾಲಮ್ಮಿನಾಗ ಬರಸ್ಲಿ ಅದನ್ನ?

ನಾಕು ಕಡೆ ಸಹಿ ಮಾಡಿದ್ನಿ.
ಗುರುಪಾದಪ್ಪ ಹೂಗಾರ, ಅದರ ಮುಂದ
ಸಣ್ಣ ಅಕ್ಷರದಾಗ 'ಮಯತ' ಅಂತ ಬರದಿದ್ರು.
ಒರಸೋ ಸಳಿ ಕೇಳಿದ. ಕಳದೈತಿ ಅಂದ್ನಿ.
ಮೋರಿ ಪರದೆ ಅದರ ಮ್ಯಾಲ ಜೋತಾಡತೈತಿ.
ಒಂದು ದಿನಕ್ಕ ಎರಡು ಸುಳ್ಳಾತು.
ಚರ್ಮದ ಪಟ್ಟಾ ಮಾತ್ರ ಪುಕ್ಕಟೆ ಕೊಟ್ನಿ.

ಮೊನ್ನೆ ಪೆನ್ಶನ್ ತರಾಕ
ಲಕ್ಷ್ಮೀ ರಸ್ತಾದ ಬ್ಯಾಂಕಿಗೆ ಹೋದ್ರ
ನಿಮ್ಮ ಸ್ಟೂಲಿನ ಮ್ಯಾಲ ಅಂವನ ಕುಂತಾನ.
ನನ್ನ ಗುರ್ತ ಹಿಡೀಲಿಲ್ಲ.
ಲೈನಿಗೆ ನಿಂದರ್ರಿ ಅಂದ, ನಿಂತ್ನಿ.
ಅಂವ ನಿಮಗಿಂತ ಗಿಡ್ಡ.
ಪಟ್ಟಾ ಎರಡು ತೂತು ಒಳಗ ಎಳಕೊಂಡಾನ.
ನಿಮ್ಮ ತೂತು, ಬಕಲ್ ಜಗ್ಗಿ ಜಗ್ಗಿ ಉದ್ದ ಆದದ್ದು,
ಖಾಲಿ, ಹೊರಗ ಉಳದೈತಿ.